ನನ್ನ ಕಾರ್ಡಿನಲ್ಲಿದ್ದ ಜಡ್ಡು

ನೋವು ಮೊದಲು ಬಂದದ್ದು ಊಟದ ಪಂಕ್ತಿಯಲ್ಲಿ. ಗೋಕಾಕದಲ್ಲಿ ನಾದಿನಿಯ ಮಗಳ ನಿಶ್ಚಯ. ಮೂರನೆಯ ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ. ಬಡಿಸುವವರು ಕೇಳಲಿಲ್ಲ. ನಾನೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಅರ್ಧ ತಿನ್ನುವುದರೊಳಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಹಾಕಿ ತಿರುವಿದ ಹಾಗಾಯಿತು. ಬೆನ್ನಿಗೆ ಹೋಯಿತು. ಭುಜಕ್ಕೆ ಏರಿತು. ಎದ್ದು ಹೋಗಿ ವಾಂತಿ ಮಾಡಿದೆ.

ಅತ್ತೆ ಪಿತ್ತ ಎಂದರು. ನಾದಿನಿ ವಾಯು ಎಂದಳು. ನಮ್ಮ ಮನೆಯವರು "ಹೋಳಿಗಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರಿಗೆ ಮೂಡಲಗಿಯಲ್ಲಿ ಪಾತ್ರೆ ಬಾಂಡೆ ಸಾಮಾನಿನ ಅಂಗಡಿ ಇದೆ, ಮಾತು ಕಡಿಮೆ. ನಾನು ಅದೇ ಊರಿನ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಮಾತು ಹೆಚ್ಚು. ಹೀಗೆ ಲೆಕ್ಕ ಸರಿಹೋಗಿದೆ.

ಸೋಡಾ ಕುಡಿದೆ. ಅಜವಾನ ಅಗಿದೆ. ಶಾಲೆಗೆ ಹೋದೆ. ಒಂದು ವಾರದ ಮೇಲೆ ತರಗತಿಯಲ್ಲಿ ಬೋರ್ಡಿನ ಮುಂದೆಯೇ ಕುಸಿದು ಕೂತೆ. ಮೈ ಕಾದಿತ್ತು. ಗೋಕಾಕದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿದವರು ಹೇಳಿದರು: ಪಿತ್ತಕೋಶದ ತುಂಬ ಕಲ್ಲು. ಒಂದು ಕಲ್ಲು ಬಾಯಿಗೆ ಸಿಕ್ಕಿಕೊಂಡು ಇನ್‌ಫೆಕ್ಷನ್ ಆಗಿದೆ. ಅಡ್ಮಿಟ್ ಆಗಬೇಕು, ನಾಳೆಯೇ ಆಪರೇಷನ್.

ಕಲ್ಲು ಎಂದರೆ ನನಗೇನೂ ಅನ್ನಿಸಲಿಲ್ಲ. ಹತ್ತು ಮಂದಿಗೆ ಹೇಳಿಕೊಳ್ಳಬಹುದಾದ ಕಾಯಿಲೆ ಅದು.

ಕೌಂಟರಿನ ಹುಡುಗಿ ಕೇಳಿದಳು, "ಹೆಲ್ತ್ ಖಾತೆ ನಂಬರ್ ಐತೇನ್ರಿ ಮೇಡಂ? ಇದ್ರ ಮೊದಲಿನ ದವಾಖಾನಿ ರಿಪೋರ್ಟ್ ಎಲ್ಲಾ ನಮ್ಮ ಕಂಪ್ಯೂಟರಿಗೆ ಬರ್ತಾವು."

ಇದೆ ಎಂದೆ, ಸ್ವಲ್ಪ ಜಂಬದಿಂದಲೇ. ಪಾಲಕರ ಸಭೆಯಲ್ಲಿ ಈ ಖಾತೆಯ ಬಗ್ಗೆ ಭಾಷಣ ಮಾಡಿದವಳು ನಾನು. ಯಾವ ಊರಿನಲ್ಲಿ ತೋರಿಸಿದರೂ ಹಿಂದಿನದೆಲ್ಲ ಡಾಕ್ಟರಿಗೆ ಸಿಗುತ್ತದೆ, ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ತೆರೆಯಲಾರರು, ಫೋನಿಗೆ ಬಂದ ನಂಬರ್ ಹೇಳಿದರೆ ಮಾತ್ರ ಬೀಗ ತೆರೆಯುತ್ತದೆ ಎಂದೆಲ್ಲ ಹೇಳಿದ್ದೆ.

ಆ ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಕಾಗದಪತ್ರದಲ್ಲಿ ಕೊಟ್ಟ ಫೋನ್ ನಂಬರ್ ಮಾತ್ರ ತವರಿನದೇ ಉಳಿದುಬಿಡುತ್ತದೆ. ನನ್ನ ಕಾರ್ಡ್ ಮಾಡಿಸಿದ್ದು ಬೆಲ್ಲದ ಬಾಗೇವಾಡಿಯಲ್ಲಿ, ಅಣ್ಣನ ಮನೆಗೆ ಹೋದಾಗ. ನಾನಾದರೆ ಅಗ್ಗದ ಆಫರ್ ಕಂಡಲ್ಲಿ ಸಿಮ್ ಬದಲಿಸುವವಳು. ಅವ್ವನ ನಂಬರ್ ಬದಲಾಗುವುದಿಲ್ಲ ಎಂದು ಅದನ್ನೇ ಕೊಟ್ಟಿದ್ದೆ. ಕಾರ್ಡನ್ನೂ ಅಲ್ಲೇ ಅವ್ವನ ಟ್ರಂಕಿನಲ್ಲಿ ಬಿಟ್ಟು, ಅದರ ಫೋಟೋ ಮಾತ್ರ ಫೋನಿನಲ್ಲಿ ಇಟ್ಟುಕೊಂಡು ಬಂದಿದ್ದೆ.

ಅವ್ವನಿಗೆ ಫೋನ್ ಹಚ್ಚಿದೆ.

"ಅವ್ವಾ, ನಿನ್ನ ಫೋನಿಗೆ ಒಂದು ನಂಬರ್ ಬಂದೈತಿ ನೋಡು. ಓದು."

"ಯಾತರದು?"

"ದವಾಖಾನಿದು. ನನ್ನ ಹಳೇ ರಿಪೋರ್ಟ್ ನೋಡಾಕ."

"ಯಾರು ನೋಡ್ತಾರ?"

"ಡಾಕ್ಟರ್ ನೋಡ್ತಾರ, ಮತ್ಯಾರು? ಲಗೂನ ಓದು, ಹಿಂದ ಮಂದಿ ನಿಂತಾರ."

"ಅದೆಲ್ಲಾ ಯಾಕ ಬೇಕವ್ವಾ ಈಗ? ಹಂಗ ತೋರಿಸಿ ಬಾ."

ಹೊಟ್ಟೆ ಹಿಂಡುತ್ತಿತ್ತು. ನನಗೆ ಸಿಟ್ಟು ಬಂತು. "ಅಂಕಿ ಓದಾಕ ಬರ್ತೈತೋ ಇಲ್ಲೋ ನಿನಗ?" ಎಂದು ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಅವ್ವ ಓದಿದಳು. ಒಂದೊಂದೇ ಅಂಕಿ, ನಡುವೆ ನಿಲ್ಲಿಸಿ ನಿಲ್ಲಿಸಿ. ಓದಲು ಬಾರದೆ ತಡವರಿಸುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ಓದಲು ಚೆನ್ನಾಗಿ ಬರುತ್ತದೆ.

ಸಂಜೆ ಅರಿವಳಿಕೆ ಕೊಡುವ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಟ್ಯಾಬ್. ಮಂಚದ ಒಂದು ಕಡೆ ನಮ್ಮ ಮನೆಯವರು, ಇನ್ನೊಂದು ಕಡೆ ಸ್ಟೂಲಿನ ಮೇಲೆ ಅತ್ತೆ ಮೋಸಂಬಿ ಸುಲಿಯುತ್ತ ಕೂತಿದ್ದರು. ಬಿಪಿ ಇದೆಯೇ, ಶುಗರ್ ಇದೆಯೇ, ಅಲುಗಾಡುವ ಹಲ್ಲು ಇದೆಯೇ ಎಂದು ಕೇಳಿದರು. ಅರ್ಧ ಉತ್ತರ ನಾನು ಕೊಟ್ಟೆ, ಅರ್ಧ ಅತ್ತೆ ಕೊಟ್ಟರು.

"ಲಿಥಿಯಂ ಗುಳಿಗಿ ಈಗೂ ತಗೋತೀರೇನ್ರಿ?"

"ಯಾವ ಗುಳಿಗಿ?"

"ಮಾನಸಿಕ ತ್ರಾಸಿಗೆ ಹುಕ್ಕೇರಿ ಒಳಗ ಅಡ್ಮಿಟ್ ಆಗಿದ್ರಲ್ರಿ, ಅದರದು. ಬಿಟ್ಟು ಎಷ್ಟು ದಿನ ಆತು?"

ಅತ್ತೆಯ ಕೈ ನಿಂತಿತು.

"ಅದು ನಾನಲ್ರಿ" ಎಂದೆ.

"ನಾಚಬ್ಯಾಡ್ರಿ. ಇದ್ರಾಗ ತಪ್ಪೇನೂ ಇಲ್ಲ. ಭಾಳ ಮಂದಿ ಮೊದಲ ಇಲ್ಲ ಅಂತಾರ. ಆದ್ರ ಮೈಮರಿಯೋ ಔಷಧ ಕೊಡೋರಿಗೆ ಖರೆ ಗೊತ್ತಿರಬೇಕು ನೋಡ್ರಿ. ಪೆನಿಸಿಲಿನ್ ಅಲರ್ಜಿ ಅಂತನೂ ಐತಿ, ನೀವು ಕೌಂಟರಿನ್ಯಾಗ ಹೇಳೇ ಇಲ್ಲ."

ನಾನು ಎದ್ದು ಕೂತು ಕೂಗಾಡಿದೆ. ಯಾರದ್ದೋ ರಿಪೋರ್ಟ್ ನನ್ನ ತಲೆಗೆ ಕಟ್ಟುತ್ತೀರಾ ಎಂದೆ. ನನ್ನ ದನಿ ಶಾಲೆಯಲ್ಲಿ ಮೂರನೆಯ ಕೋಣೆಗೂ ಕೇಳುತ್ತದೆ ಎಂದು ಹೆಡ್‌ಮಾಸ್ಟರು ದೂರುತ್ತಾರೆ. ಅಂದು ವಾರ್ಡಿನ ಹೊರಗೂ ಕೇಳಿರಬೇಕು. ಹೊದಿಕೆ ಜಾರಿತ್ತು, ಕೂದಲು ಬಿಚ್ಚಿತ್ತು, ಸಲೈನ್ ಸೂಜಿಯ ಜಾಗದಲ್ಲಿ ರಕ್ತ. ಹುಚ್ಚಿಲ್ಲ ಎಂದು ಅರಚುವ ಹೆಂಗಸು ನೋಡುವವರಿಗೆ ಹೇಗೆ ಕಾಣುತ್ತಾಳೆ ಎಂಬುದು ನನಗೆ ಅತ್ತೆಯ ಮುಖದಲ್ಲಿ ಕಂಡಿತು.

ದಾಖಲೆಯ ಗೊಂದಲ ಬಗೆಹರಿಯಲಿ ಎಂದು ಆಪರೇಷನ್ ಮುಂದೆ ಹೋಯಿತು.

ಈಗ ಯೋಚಿಸಿದರೆ ವಿಚಿತ್ರ ಎನಿಸುತ್ತದೆ. ಆ ಮಾಹಿತಿ ಹುಕ್ಕೇರಿಯಿಂದ ಗೋಕಾಕಕ್ಕೆ ಬರುವ ದಾರಿಯಲ್ಲಿ ಎಲ್ಲೂ ಸೋರಲಿಲ್ಲ. ಅಷ್ಟು ಬೀಗ, ಅಷ್ಟು ಕಾವಲು ಅದಕ್ಕೆ. ಸೋರಿದ್ದು ಮಂಚಕ್ಕೂ ಸ್ಟೂಲಿಗೂ ನಡುವೆ. ನಮ್ಮ ಕಡೆ ರೋಗಿ ಒಬ್ಬಳೇ ಇರುವ ರೂಢಿಯಿಲ್ಲ. ಒಬ್ಬಳೇ ಮಲಗಿದ್ದರೆ ದಿಕ್ಕಿಲ್ಲದವಳು ಎನ್ನುತ್ತಾರೆ. ಡಾಕ್ಟರು ಎಲ್ಲರ ಮುಂದೆ ಕೇಳುತ್ತಾರೆ, ಎಲ್ಲರೂ ಸೇರಿ ಉತ್ತರ ಕೊಡುತ್ತಾರೆ, ಬಾಜೂ ಮಂಚದವರು ಸಲಹೆಯನ್ನೂ ಕೊಡುತ್ತಾರೆ.

ಮರುದಿನ ಬೆಳಿಗ್ಗೆ ಸಲೈನ್ ಸ್ಟ್ಯಾಂಡ್ ತಳ್ಳಿಕೊಂಡು ಆ ಡಾಕ್ಟರ ಕೋಣೆಗೆ ಹೋದೆ. ನಮ್ಮ ಮನೆಯವರು ಚಹಾ ತರಲು ಹೋಗಿದ್ದರು. ಡಾಕ್ಟರ್ ಬಾಗಿಲು ಮುಚ್ಚಿದರು.

"ನಿನ್ನಿ ಎಲ್ಲಾರ ಮುಂದ ಕೇಳಬಾರದಿತ್ರಿ. ಅದು ನನ್ನ ತಪ್ಪು."

"ನಾನ ಓದಿ ನೋಡಬಹುದೇನ್ರಿ?"

"ನಿಮ್ಮ ಹೆಸರಿನ್ಯಾಗ ಐತಿ, ನಿಮಗಿಲ್ಲದ ಹಕ್ಕು ಯಾರಿಗೈತಿ?" ಎಂದು ಪರದೆ ನನ್ನ ಕಡೆ ತಿರುಗಿಸಿದರು.

ನನ್ನ ಹೆಸರು. ನನ್ನ ವಯಸ್ಸು. ಎರಡು ವರ್ಷದ ಹಿಂದಿನ ತಾರೀಖು. ರಕ್ತದ ಗುಂಪು ಬಿ, ನನ್ನದು ಓ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಹೆರಿಗೆಯಾಗಿ ಐದು ವಾರ. ನಿದ್ದೆ ಇಲ್ಲ. ಮಗುವಿಗೆ ಹಾಲು ಕುಡಿಸುತ್ತಿಲ್ಲ. ಕೂಸು ತನ್ನದಲ್ಲ, ಯಾರೋ ಬದಲಿಸಿದ್ದಾರೆ ಎನ್ನುತ್ತಾಳೆ. ಜೊತೆಗೆ ಬಂದವರು, ತಾಯಿ.

ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ.

ಕಸ್ತೂರಿ.

ನನ್ನ ಒಬ್ಬಳೇ ತಂಗಿ. ನನಗಿಂತ ಬಹಳ ಚಿಕ್ಕವಳು, ಮುಖ ಮಾತ್ರ ನನ್ನದೇ ಅಚ್ಚು. ನಿಡಸೋಸಿಗೆ ಕೊಟ್ಟಿದ್ದೇವೆ. ಅವಳ ಗಂಡನ ಮನೆಯವರು ಕಾಲೇಜಿನ ಹುಡುಗರಿಗೆ ಖಾನಾವಳಿ ನಡೆಸುತ್ತಾರೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲ ಕಾರ್ಯಕ್ಕೆ ನಾನೂ ಹೋಗಿದ್ದೆ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ನಿದ್ದಿಲ್ಲ, ಬಾಣಂತಿ ಅಲ್ಲೇನು" ಎಂದಳು ಅವ್ವ. ಹೌದಲ್ಲ ಎಂದುಕೊಂಡು, ಕೂಸಿನ ಕೈಗೆ ಬಳೆ ತೊಡಿಸಿ, ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದು ಸಂಜೆ ಬಸ್ಸಿಗೇ ಬಂದುಬಿಟ್ಟೆ. ಆಮೇಲೆ ಅವ್ವ ಫೋನಿನಲ್ಲಿ ಜ್ವರ ಎಂದಳು, ಬರಬೇಡ ಎಂದಳು. ನಾನು ಹೋಗಲಿಲ್ಲ.

ಕಸ್ತೂರಿಯ ಕಾರ್ಡಿಗೆ ಮದುವೆಯಾದೊಡನೆ ಮಾವನ ನಂಬರ್ ಸೇರಿಸಿದ್ದರು. ಆ ಕಾರ್ಡ್ ತೋರಿಸಿದ್ದರೆ ಹುಕ್ಕೇರಿಯ ಮೆಸೇಜ್ ನಿಡಸೋಸಿಯಲ್ಲಿ ಗಣಗಣ ಎನ್ನುತ್ತಿತ್ತು. ನನ್ನ ಕಾರ್ಡಿನ ಮೆಸೇಜ್ ಅವ್ವನ ಸೊಂಟದ ಚೀಲದಲ್ಲೇ ಬಂದು ಬೀಳುತ್ತದೆ. ಟ್ರಂಕ್ ತೆಗೆದು, ಅವ್ವ ನನ್ನ ಹೆಸರನ್ನು ತಂಗಿಗೆ ಉಡಿಸಿದ್ದಳು.

ಡಾಕ್ಟರಿಗೆ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಅವರು ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು ಓದಿದರು.

"ನಿಮ್ಮ ಟೆಸ್ಟ್ ಎಲ್ಲಾ ನಾವು ಹೊಸದಾಗಿ ಮಾಡ್ತೇವ್ರಿ. ನಿಮಗೇನೂ ಆಗೂದಿಲ್ಲ. ನಿಮ್ಮ ತಂಗೀದು ವಿಚಾರ ಮಾಡ್ರಿ. ಪೆನಿಸಿಲಿನ್ ಜಾತಿ ಇಂಜೆಕ್ಷನ್ನಿಗೆ ಗಂಟಲು ಬಾತು, ಉಸಿರು ಹಿಡದಿತ್ತು ಅಂತ ಬರದಾರ. ಆ ಎಚ್ಚರಿಕಿ ನಿಮ್ಮ ಖಾತೆದಾಗ ಐತಿ. ಆಕೀ ಖಾತೆದಾಗ ಇಲ್ಲ. ನಾಳೆ ಆಕಿ ಎಚ್ಚರ ತಪ್ಪಿ ಯಾವುದಾರ ದವಾಖಾನಿಗೆ ಬಂದ್ರ, ಕಂಪ್ಯೂಟರ್ ನೋಡಿ ಅಲರ್ಜಿ ಇಲ್ಲ ಅಂತ ಅದನ್ನ ಚುಚ್ಚತಾರ."

"ತಗದ ಹಾಕ್ರಿ ಹಂಗಾದ್ರ. ಆಕೀದಕ್ಕ ಹಾಕ್ರಿ."

"ನನ್ನ ಕೈಯಾಗ ಇಲ್ರಿ. ದಾಖಲೆ ಮಾಡಿದ ದವಾಖಾನ್ಯಾಗ ತಿದ್ದಬೇಕು. ಆಕಿ ಖುದ್ದ ಹೋಗಿ, ಆ ಪೇಶಂಟ್ ನಾನ ಅಂತ ಹೇಳಬೇಕು. ಲಗೂ ಮಾಡ್ರಿ."

ಇಷ್ಟೇ ಕೆಲಸ. ಆ ಪೇಶಂಟ್ ನಾನೇ ಎಂದು ಕಸ್ತೂರಿ ಹೇಳಬೇಕು. ಹೇಳಿದರೆ ನಿಡಸೋಸಿಯ ಮನೆ ಅವಳನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ. ಹೇಳದಿದ್ದರೆ ಒಂದು ಸೂಜಿ ಸಾಕು.

ಇನ್‌ಫೆಕ್ಷನ್ ಇಳಿಯಲಿ ಎಂದು ಔಷಧಿ ಕೊಟ್ಟು ಮನೆಗೆ ಕಳಿಸಿದರು. ಮೂಡಲಗಿಯ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತವರಿಗೆ ಹೋದಾಗ ಎಂದೋ ಆದದ್ದನ್ನು ಮುಚ್ಚಿಟ್ಟಿದ್ದೇನೆ ಎಂದುಕೊಂಡು ಎಲ್ಲರೂ ಮೆತ್ತಗಾದರು. ನಮ್ಮ ಮನೆಯವರು ಸಣ್ಣ ಮಕ್ಕಳ ಹತ್ತಿರ ಮಾತನಾಡುವ ಹಾಗೆ ಬಿಡಿಸಿ ಬಿಡಿಸಿ ಮಾತನಾಡತೊಡಗಿದರು. ಅಡುಗೆಮನೆಯ ಈಳಿಗೆ ಅಟ್ಟಕ್ಕೆ ಹೋಯಿತು. ಮಗಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು. ನಾನು ಜೋರಾಗಿ ನಕ್ಕರೆ ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು. ಹಾಗಾಗಿ ನಗುವುದನ್ನು ಬಿಟ್ಟೆ. ಅದನ್ನೂ ಗಮನಿಸಿದರು.

ಒಂದು ದಿನ ನಮ್ಮ ಮನೆಯವರು ಕೇಳಿದರು, "ಸುವರ್ಣಾ, ಆ ಗುಳಿಗಿ ನೀನ ಬಿಟ್ಟಿಯೋ, ಡಾಕ್ಟರ್ ಬಿಡಿಸಿದ್ರೋ?"

ತಂಗಿಗಾಗಿ ಬಾಯಿ ಕಟ್ಟಿಕೊಂಡಿದ್ದೇನೆ ಎಂದು ಒಳಗೊಳಗೇ ಹೆಮ್ಮೆ ಇತ್ತು. ಅದರ ಅಡಿಯಲ್ಲಿ ಬೇರೆಯದೇ ಇತ್ತು. ನನಗೆ ಹುಚ್ಚು ಹಿಡಿದಿತ್ತು ಎಂದು ಅವರು ನಂಬಿದರೆ ಹೇಗೋ ತಾಳಿಕೊಳ್ಳಬಹುದು. ನಮ್ಮ ಮನೆತನದಲ್ಲೇ ಅದು ಇದೆ, ನನ್ನ ರಕ್ತದಲ್ಲಿ, ನಾಳೆ ನನ್ನ ಮಗಳಲ್ಲಿ ಬರಬಹುದು ಎಂದು ನಾದಿನಿಯ ಬಾಯಲ್ಲಿ ಗೋಕಾಕದ ತುಂಬ ಹೋದರೆ? ನಾನು ಮುಚ್ಚುತ್ತಿದ್ದದ್ದು ಕಸ್ತೂರಿಯನ್ನಲ್ಲ. ಅವಳನ್ನು ಕುರಿತು ನನಗಿದ್ದ ನಾಚಿಕೆಯನ್ನು.

ಅವ್ವ ಬಂದಳು. ರೊಟ್ಟಿ, ಮೊಸರು, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು. ಅತ್ತೆ ಹೊರಗೆ ಹೋದದ್ದೇ ಬಾಗಿಲು ಹಾಕಿದೆ.

"ಯಾಕ ಹಿಂಗ ಮಾಡಿದಿ?"

ಅವ್ವ ಸುತ್ತಿ ಬಳಸಿ ಮಾತನಾಡಲಿಲ್ಲ. "ನಿಂದು ಗಟ್ಟಿ ಸಂಸಾರ. ನೀನು ಅಂದ್ರ ಅಳಿಯ ಈರಣ್ಣಗ ಜೀವ, ಕೈಯಾಗ ನೌಕರಿ ಐತಿ, ಬೆಳದ ಮಗಳದಾಳ. ಆಕೀದು ಇನ್ನೂ ಹಸಿ ಗ್ವಾಡಿ. ಒಂದು ಏಟು ಬಿದ್ರ ಕುಸೀತಿತ್ತು. ಗಟ್ಟಿ ಇದ್ದಲ್ಲೇ ಭಾರ ಹೇರಿದೆ."

"ನನ್ನ ಒಂದು ಮಾತು ಕೇಳಬೇಕಿಲ್ಲೇನು?"

"ಕೇಳಿದ್ರ ಕೊಡತಿದ್ದಿ ಏನು?"

ಕೊಡುತ್ತಿರಲಿಲ್ಲ. ನನ್ನ ಸೀರೆ ಕೊಡುತ್ತಿದ್ದೆ, ಒಡವೆ ಕೊಡುತ್ತಿದ್ದೆ. ಆ ಕಾಯಿಲೆಗೆ ನನ್ನ ಹೆಸರನ್ನು ಕೊಡುತ್ತಿರಲಿಲ್ಲ. ಅವ್ವನಿಗೆ ಅದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅಲರ್ಜಿಯ ಮಾತು ಹೇಳಿದೆ. ಮುಖ ಬಿಳಿಚಿತು. "ಈ ಇಂಜೆಕ್ಷನ್ ನಿನಗ ಆಗಂಗಿಲ್ಲ, ಎಲ್ಲೆ ಹೋದರೂ ಹೇಳು ಅಂತ ಆಕಿಗೆ ಹೇಳೇನಲ್ಲ" ಎಂದಳು. ಎಚ್ಚರ ತಪ್ಪಿದವಳು ಏನು ಹೇಳುತ್ತಾಳೆ ಎಂದೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿನ್ನ ಆಪರೇಷನ್ ಒಂದು ಆಗಲಿ. ಆಮ್ಯಾಲ ನೋಡೂನು. ಅಲ್ಲೀತನಕ ಆಕಿಗೆ ಹೇಳಬ್ಯಾಡ, ನನ್ನಾಣಿ."

ನಾನು ಒಪ್ಪಿದೆ. ಬಹಳ ಬೇಗ ಒಪ್ಪಿದೆ. ಲಗೂ ಮಾಡ್ರಿ ಎಂದ ಡಾಕ್ಟರ ಮಾತನ್ನು ಅವ್ವನ ಆಣೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ. ಆ ವಾರಗಳಲ್ಲಿ ಕಸ್ತೂರಿ ಎರಡು ಸಲ ಫೋನ್ ಮಾಡಿದಳು. ಹೊಟ್ಟೆನೋವಿನ ಬಗ್ಗೆ ಕೇಳಿದಳು. ಕೂಸಿಗೆ ಕೆಮ್ಮು ಎಂದಳು, ತನಗೂ ಗಂಟಲು ಕೆರೆತ, ಡಾಕ್ಟರ ಹತ್ತಿರ ಹೋಗಬೇಕು ಎಂದಳು. "ಹೋಗ, ನೋಡಿಕೊಂಡ ಹೋಗ" ಎಂದೆ. ಏನನ್ನು ನೋಡಿಕೊಂಡು ಎಂದು ಹೇಳಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿ. ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅತ್ತೆ ಅದನ್ನು ಬಂದವರಿಗೆಲ್ಲ ಅಲುಗಾಡಿಸಿ ತೋರಿಸಿದರು.

ಎರಡನೆಯ ದಿನ ಮಧ್ಯಾಹ್ನ ಕಸ್ತೂರಿ ಬಂದಳು. ಜೊತೆಗೆ ಅವಳ ಗಂಡ ಬಸವರಾಜ, ಕೈಯಲ್ಲಿ ಖಾನಾವಳಿಯ ದೊಡ್ಡ ಡಬ್ಬಿ. ನನಗೆ ಮಂಪರು. ಕಣ್ಣು ಮುಚ್ಚಿಕೊಂಡಿದ್ದೆ, ಕಿವಿ ತೆರೆದಿತ್ತು. ಅವಳು ನನ್ನ ಹಣೆ ಮುಟ್ಟಿದ್ದು ಗೊತ್ತಾಯಿತು. ಇನ್ನೇನು ಕಣ್ಣು ತೆರೆಯಬೇಕು, ಅಷ್ಟರಲ್ಲಿ ಅತ್ತೆ ಪಿಸುಗುಟ್ಟಿದರು.

"ಒಂದ ಮಾತು ಕೇಳ್ತೇನಿ ಕಸ್ತೂರಿ, ಸಿಟ್ಟಾಗಬ್ಯಾಡ. ನಿಮ್ಮ ಅಕ್ಕಗ ತಲಿ ಜಡ್ಡು ಇದ್ದದ್ದು ನಮಗ್ಯಾಕ ಮುಚ್ಚಿಟ್ಟಿರಿ? ಹುಕ್ಕೇರಿ ದವಾಖಾನ್ಯಾಗ ಅಡ್ಮಿಟ್ ಆಗಿದ್ದಳಂತ. ಇಲ್ಲಿ ಕಂಪ್ಯೂಟರಿನ್ಯಾಗ ಎಲ್ಲಾ ಬಂತು. ನಾವೇನು ಆಕಿನ್ನ ಬಿಟ್ಟ ಹಾಕತಿದ್ದಿವೇನು?"

ನಾನು ಕಣ್ಣು ತೆರೆಯಲಿಲ್ಲ.

ಇದನ್ನು ಬರೆಯುವುದೇ ಕಷ್ಟ. ಎಚ್ಚರ ಇತ್ತು. ನೋವು ಅಷ್ಟೇನೂ ಇರಲಿಲ್ಲ. ಬಾಯಿ ತೆರೆದು ಏನಾದರೂ ಹೇಳಬಹುದಿತ್ತು, ನೀರು ಎಂದಾದರೂ ಕೇಳಬಹುದಿತ್ತು. ಮಲಗಿದವಳ ಹಾಗೆ ಉಸಿರು ಬಿಡುತ್ತ, ಅವಳು ಏನು ಮಾಡುತ್ತಾಳೋ ಎಂದು ಕಾದೆ.

"ಅದು ಅಕ್ಕಂದಲ್ರಿ" ಎಂದಳು ಕಸ್ತೂರಿ. "ನಂದು."

ಡಬ್ಬಿ ನೆಲಕ್ಕೆ ಇಟ್ಟ ಸದ್ದು ಕೇಳಿತು. ಆಗ ಕಣ್ಣು ತೆರೆದೆ. ಬಸವರಾಜ ಡಬ್ಬಿಯ ಹಿಡಿಕೆಯಿಂದ ಕೈ ತೆಗೆಯದೆ ಬಗ್ಗಿಕೊಂಡೇ ನಿಂತಿದ್ದ.

"ಕೂಸು ಹುಟ್ಟಿದ ಮ್ಯಾಲ ಬಾಣಂತಿ ಸನ್ನಿ ಆಗಿತ್ತು. ಅವ್ವ ಅಕ್ಕನ ಕಾರ್ಡ್ ತೋರಿಸಿದಳು. ಡಾಕ್ಟರ್ 'ಸುವರ್ಣಾ' ಅಂತ ಕರೀತಿದ್ರು, ನಾನು ಓ ಅಂತಿದ್ದೆ." ಅವಳು ಅತ್ತೆಗೆ ಹೇಳುತ್ತಿದ್ದಳು, ಕಣ್ಣು ಗಂಡನ ಮೇಲಿತ್ತು. "ಮೊದಲ ನಾ ಯಾರು ಅನ್ನೂದು ತಿಳೀತಿರಲಿಲ್ಲ. ಮ್ಯಾಲ ಇದೊಂದು. ಗುಳಿಗಿ ನುಂಗಿ ಆರಾಮ ಆದದ್ದು ಸುವರ್ಣಾ. ನನಗ ಆರಾಮ ಆತು ಅಂತ ನನಗ ಯಾರೂ ಹೇಳಲೇ ಇಲ್ಲ."

ಬಸವರಾಜ ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿತ್ತು. ಬೈಕಿನ ಮೇಲೆ ಕೂತ, ಚಾವಿ ಹಾಕಿದ, ಶುರು ಮಾಡಲಿಲ್ಲ. ಅತ್ತೆ ಕಲ್ಲಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನನ್ನನ್ನು, ಅವಳನ್ನು, ನನ್ನನ್ನು ನೋಡಿದರು. "ಹಂಗಾದ್ರ ಇಷ್ಟ ದಿನ ನೀ ಯಾಕ ಸುಮ್ನಿದ್ದಿ?" ಎಂದರು ನನಗೆ. ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ತಂಗಿಗಾಗಿ ತಾಳಿಕೊಂಡವಳು ಎಂದು. ಆ ಮೆಚ್ಚುಗೆಯಷ್ಟು ನನ್ನನ್ನು ಸುಟ್ಟದ್ದು ಮತ್ತೊಂದಿಲ್ಲ.

ಅಲರ್ಜಿಯ ವಿಷಯವನ್ನು ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ; ಡಾಕ್ಟರ್ ಯಾವಾಗ ಹೇಳಿದ್ದರು ಎಂಬುದನ್ನೂ. ಕಸ್ತೂರಿ ಲೆಕ್ಕ ಹಾಕಿದಳು.

"ನಾನು ಗಂಟಲು ಕೆರೀತೈತಿ ಅಂತ ಫೋನ್ ಮಾಡಿದಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

ನನ್ನ ಹೊದಿಕೆ ಸರಿ ಮಾಡಿದಳು. ಅದು ತಂಗಿಯ ಕೈ ಆಗಿರಲಿಲ್ಲ. ನರ್ಸುಗಳು ಮಾಡುವ ಹಾಗೆ ಮಾಡಿದಳು.

ಬಸವರಾಜ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ನನ್ನ ಕಡೆ ನೋಡದೆ ಹೆಂಡತಿಗೆ ಹೇಳಿದ, "ಮನ್ಯಾಗ ಅವ್ವ ಅಪ್ಪಗ ನಾ ಹೇಳ್ತೇನಿ. ನೀ ಬಾಯಿ ಬಿಡಬ್ಯಾಡ." ಮತ್ತೆ ಕೇಳಿದ, "ಕೂಸು ನಿಂದಲ್ಲ ಅಂತ ಅನಸತಿತ್ತ ನಿನಗ?"

"ಆಗ ಅನಸತಿತ್ತು."

"ಈಗ?"

"ಈಗ ಏನ ಕೇಳ್ತೀರಿ, ರಾತ್ರಿ ನನ್ನ ಕೂದಲ ಹಿಡಕೊಂಡ ಮಲಗತೈತಿ."

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅವಳ ಅತ್ತೆ ಕೆಲವು ದಿನ ಕೂಸನ್ನು ಅವಳ ಹತ್ತಿರ ಒಂಟಿಯಾಗಿ ಬಿಡಲಿಲ್ಲವಂತೆ. ಮಾವ ನಮ್ಮ ಅಣ್ಣನಿಗೆ ಫೋನ್ ಮಾಡಿ, ಮೋಸ ಮಾಡಿದಿರಿ ಎಂದರಂತೆ. ಅವರಿಗೂ ಹೇಳಲು ಹಕ್ಕಿದೆ. ಆದರೆ ಅವಳನ್ನು ತವರಿಗೆ ಕಳಿಸಲಿಲ್ಲ. ಖಾನಾವಳಿಯ ಲೆಕ್ಕ ಈಗಲೂ ಅವಳೇ ನೋಡುತ್ತಾಳೆ. ನಮ್ಮ ಮನೆಯ ಈ‌ಳಿಗೆ ಅಟ್ಟದಿಂದ ಇಳಿದಿದೆ. ಮಗಳ ಹಾಸಿಗೆ ಇನ್ನೂ ಅತ್ತೆಯ ಕೋಣೆಯಲ್ಲೇ ಇದೆ, ಅವಳಿಗೆ ಅಲ್ಲಿಯ ಫ್ಯಾನ್ ಚೆನ್ನಾಗಿ ತಿರುಗುತ್ತದಂತೆ. ನಾದಿನಿ ಏನು ಹೇಳುತ್ತಾಳೆ ಎಂದು ನಾನು ಕೇಳಿಲ್ಲ. ನನ್ನ ಪಕ್ಕೆಯ ನೋವು ಪೂರ್ತಿ ಹೋಗಿದೆ. ತುಪ್ಪ ಕಂಡರೆ ಮಾತ್ರ ಕೈ ಈಗ ಗಟ್ಟಿಯಾಗಿ ಅಡ್ಡ ಬರುತ್ತದೆ.

ಹೊಲಿಗೆ ಮಾಗಿದ ಮೇಲೆ ನಾನೂ ಕಸ್ತೂರಿಯೂ ಹುಕ್ಕೇರಿಗೆ ಹೋದೆವು. ಬಸವರಾಜ ಹೊರಗೆ ಕೂಸನ್ನು ಆಡಿಸುತ್ತಿದ್ದ. ಅವನೇ ಹಿಂದಿನ ದಿನ ಹೆಂಡತಿಯ ಕಾರ್ಡಿಗೆ ಅವಳ ಸ್ವಂತ ನಂಬರ್ ಹಾಕಿಸಿ ತಂದಿದ್ದ. ಆಸ್ಪತ್ರೆಯ ಹಾಲ್ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಬೆಲ್ಲದ ಬಾಗೇವಾಡಿಯ ಮುಖವೊಂದು ಕಂಡ ಹಾಗಾಗಿ ನಾನು ಸೆರಗು ಎಳೆದುಕೊಂಡೆ.

ಕಿಟಕಿಯೊಳಗಿನವನು ನಮ್ಮ ಎರಡೂ ಕಾರ್ಡ್ ನೋಡಿ ಗೊಂದಲಗೊಂಡ. "ಖರೆ ಪೇಶಂಟ್ ಯಾರ್ರಿ ಇದ್ರಾಗ?"

"ನಾನ್ರಿ" ಎಂದಳು ಕಸ್ತೂರಿ.

"ಯಾತಕ್ಕ ಅಡ್ಮಿಟ್ ಆಗಿದ್ರಿ?"

"ಬಾಣಂತಿ ಸನ್ನಿ ಆಗಿತ್ರಿ. ತಲಿ ಕೆಟ್ಟಿತ್ತು. ಈಗ ಆರಾಮ ಅದೇನಿ."

ಗಾಜಿನ ಆಚೆಗೆ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು. ಸರತಿಯಲ್ಲಿದ್ದ ಒಬ್ಬಳು ತಿರುಗಿ ನೋಡಿದಳು. ನನ್ನ ಕೈ ತಾನಾಗಿ ಅವಳ ಮೊಣಕೈ ಹಿಡಿಯಿತು.

"ಸಾವಕಾಶ ಹೇಳ."

"ಯಾಕಕ್ಕಾ? ನಾಚಿಕಿ ಆಗಾಕತ್ತೈತಿ ನಿನಗ?"

ಇಲ್ಲ ಎನ್ನಲು ಬಾಯಿ ತೆರೆದೆ. "ಹೌದು" ಎಂದೆ. ಇಷ್ಟು ದಿನಗಳಲ್ಲಿ ಅವಳು ಕೇಳದೆಯೇ ನಾನು ಹೇಳಬೇಕಾಗಿದ್ದ ಮಾತು ಅದು.

"ಇರಲಿ" ಎಂದಳು. "ನನಗೂ ಭಾಳ ದಿನ ನಾಚಿಕಿ ಆಗಿತ್ತು." ನನ್ನ ಕೈಯನ್ನು ಮೊಣಕೈಯಿಂದ ಬಿಡಿಸಲಿಲ್ಲ. ಮತ್ತೆ ಕಿಟಕಿಯ ಕಡೆ ತಿರುಗಿ, ಅದೇ ದನಿಯಲ್ಲಿ, ಯಾವ ಇಂಜೆಕ್ಷನ್ ತನಗೆ ಆಗಿಬರುವುದಿಲ್ಲ ಎಂಬುದನ್ನು ಬರೆಸತೊಡಗಿದಳು.